ಉಡುಪಿಯ ಅಷ್ಟಮಠಗಳಲ್ಲಿ ಒಂದು ವರ್ಷ: ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿಗೆ ಬಂದವರು ಸಾಮಾನ್ಯವಾಗಿ ಎರಡು ಗಂಟೆ ಇರುತ್ತಾರೆ. ಕಿಂಡಿಯಲ್ಲಿ ಕೃಷ್ಣನನ್ನು ನೋಡುತ್ತಾರೆ, ಊಟ ಮಾಡುತ್ತಾರೆ, ಮಲ್ಪೆ ಬೀಚಿಗೆ ಹೊರಡುತ್ತಾರೆ. ಹೋಗುವ ದಾರಿಯಲ್ಲಿ ಪ್ರಶ್ನೆ ಶುರುವಾಗುತ್ತದೆ. ಈ ಸ್ವಾಮಿಗಳು ದಿನವಿಡೀ ಏನು ಮಾಡುತ್ತಾರೆ? ಏನು ತಿನ್ನುತ್ತಾರೆ? ಮಳೆಗಾಲದಲ್ಲಿ ಮಠ ಹೇಗಿರುತ್ತದೆ? ರಥಬೀದಿಯ ಆಸುಪಾಸಿನಲ್ಲೇ ಬೆಳೆದ ನನಗೆ ನೆಂಟರು, ಗೆಳೆಯರು, ಬಸ್ಸಿನಲ್ಲಿ ಪಕ್ಕ ಕೂತವರು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಮಠದ ಪರವಾಗಿ ಮಾತಾಡುವ ಅಧಿಕಾರ ನನಗಿಲ್ಲ, ಉತ್ತರಗಳಲ್ಲಿ ಅಲ್ಲಲ್ಲಿ ನನ್ನ ಅಭಿಪ್ರಾಯವೂ ಸೇರಿದೆ.

ಕೃಷ್ಣ ಮಠ ಬೇರೆ, ಅಷ್ಟಮಠ ಬೇರೆಯಾ?

ಹೌದು. ಕೃಷ್ಣ ಮಠ ಎಂಟೂ ಮಠಗಳಿಗೆ ಸೇರಿದ್ದು. 13ನೇ ಶತಮಾನದಲ್ಲಿ ಮಧ್ವಾಚಾರ್ಯರು ಕೃಷ್ಣನನ್ನು ಇಲ್ಲಿ ಪ್ರತಿಷ್ಠೆ ಮಾಡಿದರು. ಮಲ್ಪೆ ಕಡಲಲ್ಲಿ ಬಿರುಗಾಳಿಗೆ ಸಿಕ್ಕ ಹಡಗು, ಅದರಲ್ಲಿದ್ದ ಗೋಪೀಚಂದನದ ಗಡ್ಡೆ, ಗಡ್ಡೆಯೊಳಗೆ ವಿಗ್ರಹ ಎಂಬ ಕಥೆ ನಿಮಗೂ ಗೊತ್ತಿರುತ್ತದೆ. ಪೂಜೆ ನಿಲ್ಲದೆ ನಡೆಯಲಿ ಎಂದು ಅವರು ಎಂಟು ಶಿಷ್ಯರಿಗೆ ಆ ಹೊಣೆ ಕೊಟ್ಟರು. ಆ ಎಂಟು ಪರಂಪರೆಗಳೇ ಪಲಿಮಾರು, ಅದಮಾರು, ಕೃಷ್ಣಾಪುರ, ಪುತ್ತಿಗೆ, ಶೀರೂರು, ಸೋದೆ, ಕಾಣಿಯೂರು ಮತ್ತು ಪೇಜಾವರ ಮಠಗಳು.

ಎಂಟೂ ಮಠಗಳ ಕಟ್ಟಡಗಳು ರಥಬೀದಿಯ ಸುತ್ತಲೇ ಇವೆ. ಬೋರ್ಡು ಓದದಿದ್ದರೆ ಹಳೆಯ ಕಾಲದ ದೊಡ್ಡ ಮನೆಗಳು ಅಂದುಕೊಂಡು ಮುಂದೆ ಹೋಗಿಬಿಡುತ್ತೀರಿ. ಇದಲ್ಲದೆ ಬೇರೆ ಊರಲ್ಲಿ ಮೂಲಮಠಗಳೂ ಇವೆ. ಸೋದೆ ಮಠದ್ದು ಘಟ್ಟದ ಮೇಲೆ, ಶಿರಸಿ ಹತ್ತಿರದ ಸೋಂದಾದಲ್ಲಿ. ಪ್ರತಿ ಮಠಕ್ಕೂ ಅದರದೇ ಪಟ್ಟದ ದೇವರು ಇದ್ದಾರೆ: ಪಲಿಮಾರಿಗೆ ರಾಮ, ಸೋದೆಗೆ ಭೂವರಾಹ, ಕಾಣಿಯೂರಿಗೆ ನರಸಿಂಹ, ಹೀಗೆ. ಸ್ವಾಮಿಗಳು ಎಲ್ಲಿಗೆ ಹೋದರೂ ಆ ದೇವರ ಪೆಟ್ಟಿಗೆ ಜೊತೆಗೇ ಹೋಗುತ್ತದೆ. ಪ್ರಯಾಣ ಅಂತ ಪೂಜೆ ತಪ್ಪಿಸುವ ಹಾಗಿಲ್ಲ.

ಒಂದೊಂದು ಮಠದಲ್ಲಿ ಎಷ್ಟು ಜನ ಸನ್ಯಾಸಿಗಳಿರುತ್ತಾರೆ?

ಒಬ್ಬರು. ಉತ್ತರಾಧಿಕಾರಿಗೆ ದೀಕ್ಷೆ ಆಗಿದ್ದರೆ ಇಬ್ಬರು. ಅಷ್ಟೇ!

ಇದನ್ನು ಕೇಳಿದವರು ನಂಬುವುದೇ ಇಲ್ಲ. ಮಠ ಅಂದ ಕೂಡಲೇ ಸಾಲಾಗಿ ಕೂತ ಕಾವಿಧಾರಿಗಳು ಕಣ್ಣ ಮುಂದೆ ಬರುತ್ತಾರೆ. ಇಲ್ಲಿ ಹಾಗಿಲ್ಲ. ದಿವಾನರು, ಲೆಕ್ಕ ಬರೆಯುವವರು, ಅಡುಗೆಯವರು, ಪೂಜೆಗೆ ಒದಗಿಸಿಕೊಡುವ ಪರಿಚಾರಕರು, ವೇದ ಓದುವ ಹುಡುಗರು, ದನ ನೋಡಿಕೊಳ್ಳುವವರು, ಹೂ ಕಟ್ಟುವವರು, ವಾದ್ಯದವರು, ರಥ ಕಟ್ಟುವವರು, ಇವರಲ್ಲಿ ಯಾರೂ ಸನ್ಯಾಸಿಗಳಲ್ಲ. ಹೆಚ್ಚಿನವರಿಗೆ ಮನೆ, ಮಕ್ಕಳು, ಸಾಲ, ಸ್ಕೂಲ್ ಫೀಸು ಎಲ್ಲ ಇದೆ.

ನನಗೆ ಮಠದ ಬದುಕಿನಲ್ಲಿ ಅತಿ ವಿಚಿತ್ರ ಅನ್ನಿಸುವುದೇ ಇದು. ಮನೆ ಬಿಟ್ಟು ಬಂದ ಒಬ್ಬ ಮನುಷ್ಯನ ಹೆಗಲಿಗೆ ಊರಲ್ಲೇ ದೊಡ್ಡ ಮನೆಯ ಯಜಮಾನಿಕೆ ಬೀಳುತ್ತದೆ. ಅಕ್ಕಿ ಎಷ್ಟಿದೆ, ಸೌದೆ ಒಣಗಿದೆಯಾ, ನಾಳೆ ಎಷ್ಟು ಜನ ಊಟಕ್ಕೆ ಎಂಬ ಚಿಂತೆ ಗೃಹಸ್ಥನಿಗಿಂತ ಅವರಿಗೇ ಜಾಸ್ತಿ. ಮುಂದಿನ ಉತ್ತರಗಳಲ್ಲಿ ಅಡುಗೆಮನೆ ಮತ್ತೆ ಮತ್ತೆ ಬರುತ್ತದೆ. ಮಠದ ಕ್ಯಾಲೆಂಡರನ್ನು ಅರ್ಥ ಮಾಡಿಕೊಳ್ಳಲು ಅದೇ ಸುಲಭದ ದಾರಿ.

ಪರ್ಯಾಯ ಅಂದರೆ ಏನು? ಮಠದ ವರ್ಷ ಯಾವಾಗ ಶುರು?

ಕೃಷ್ಣನ ಪೂಜೆ, ಬಂದವರ ಊಟ ಮತ್ತು ಮಠದ ಆಡಳಿತ ಸರದಿಯಂತೆ ಒಂದೊಂದು ಮಠಕ್ಕೆ ಬರುತ್ತದೆ. ಅದೇ ಪರ್ಯಾಯ. ಮೊದಲು ಎರಡೆರಡು ತಿಂಗಳ ಸರದಿ ಇತ್ತು. ಸೋದೆ ಮಠದ ವಾದಿರಾಜ ತೀರ್ಥರು ಅದನ್ನು ಎರಡು ವರ್ಷಕ್ಕೆ ಏರಿಸಿದರು. 1522ರಲ್ಲಿ ಶುರುವಾದ ಆ ಕ್ರಮ ಇವತ್ತಿಗೂ ನಡೆಯುತ್ತಿದೆ. ಎಂಟು ಮಠ, ಎರಡೆರಡು ವರ್ಷ. ಹಾಗಾಗಿ ಒಂದು ಮಠಕ್ಕೆ ಮತ್ತೆ ಸರದಿ ಬರುವುದು 16 ವರ್ಷಕ್ಕೊಮ್ಮೆ. 2022ರಲ್ಲಿ ಕೃಷ್ಣಾಪುರ, 2024ರಲ್ಲಿ ಪುತ್ತಿಗೆ, ಆಮೇಲೆ 2026ಕ್ಕೆ ಶೀರೂರು.

ಸಮಸಂಖ್ಯೆಯ ವರ್ಷದ ಜನವರಿ 18ರ ಬೆಳಗಿನ ಜಾವ ಅಧಿಕಾರ ಕೈ ಬದಲಾಗುತ್ತದೆ. ಸರದಿ ಹಿಡಿಯುವ ಸ್ವಾಮಿಗಳು ಮಧ್ಯರಾತ್ರಿ ಕಳೆದ ಮೇಲೆ ಕಾಪುವಿನ ದಂಡತೀರ್ಥದಲ್ಲಿ ಸ್ನಾನ ಮಾಡಿ ಉಡುಪಿಗೆ ಬರುತ್ತಾರೆ. ಜೋಡುಕಟ್ಟೆಯಿಂದ ಮೆರವಣಿಗೆ. ಊರಿಗೆ ಊರೇ ಆ ರಾತ್ರಿ ನಿದ್ದೆ ಮಾಡುವುದಿಲ್ಲ. ರಥಬೀದಿಗೆ ಬಂದು ಕನಕನ ಕಿಂಡಿಯಿಂದ ದೇವರನ್ನು ನೋಡಿ ಒಳಗೆ ಹೋಗುತ್ತಾರೆ. ಅಲ್ಲಿ ಇಳಿಯುವ ಸ್ವಾಮಿಗಳು ಅವರ ಕೈಗೆ ಅಕ್ಷಯ ಪಾತ್ರೆ, ಸಟ್ಟುಗ ಮತ್ತು ಬೀಗದ ಕೈಗಳನ್ನು ಕೊಟ್ಟು ಸರ್ವಜ್ಞ ಪೀಠದಲ್ಲಿ ಕೂರಿಸುತ್ತಾರೆ.

ಗಮನಿಸಿ: ಒಂದು ಪಾತ್ರೆ, ಒಂದು ಸಟ್ಟುಗ, ಉಗ್ರಾಣದ ಬೀಗದ ಕೈ. ಕಿರೀಟ ಇಲ್ಲ, ಕತ್ತಿ ಇಲ್ಲ. ಅತ್ತೆ ಸೊಸೆಗೆ ಮನೆ ವಹಿಸಿಕೊಟ್ಟ ಹಾಗೇ ಇದೆ ಅಲ್ವಾ?

ದಿನ ಎಷ್ಟು ಗಂಟೆಗೆ ಶುರುವಾಗುತ್ತದೆ?

ಪರ್ಯಾಯದ ಸ್ವಾಮಿಗಳಿಗೆ ಬೆಳಗಿನ ಜಾವ ನಾಲ್ಕರ ಹೊತ್ತಿಗೆ. ಮಧ್ವ ಸರೋವರದಲ್ಲಿ ಸ್ನಾನ, ಜಪ, ಆಮೇಲೆ ಗರ್ಭಗುಡಿ. ದಿನಕ್ಕೆ ಹದಿನಾಲ್ಕು ಪೂಜೆಗಳ ಲೆಕ್ಕ. ಮೊದಲನೆಯದು ನಿರ್ಮಾಲ್ಯ ವಿಸರ್ಜನೆ: ಹಿಂದಿನ ದಿನದ ಹೂವು, ಗಂಧ, ಅಲಂಕಾರ ತೆಗೆಯುವುದು. ಎಷ್ಟೋ ಜನ ಈ ಹೊತ್ತಿನ ಕೃಷ್ಣನನ್ನೇ ನೋಡಬೇಕು ಎಂದು ಹಟ ಹಿಡಿದು ಬರುತ್ತಾರೆ. ಚಿನ್ನ, ವಜ್ರ ಏನೂ ಇಲ್ಲದೆ ಪುಟ್ಟ ಕಲ್ಲಿನ ಮೂರ್ತಿ ಇದ್ದ ಹಾಗೆ ಕಾಣುವುದು ಆಗ ಮಾತ್ರ. ಒಂದು ಕೈಯಲ್ಲಿ ಕಡೆಗೋಲು, ಇನ್ನೊಂದರಲ್ಲಿ ಹಗ್ಗ.

ಆಮೇಲೆ ಉಷಃಕಾಲ ಪೂಜೆ, ಅಕ್ಷಯ ಪಾತ್ರೆ ಮತ್ತು ಗೋವಿನ ಪೂಜೆ, ಪಂಚಾಮೃತ ಅಭಿಷೇಕ, ಅಂಟಿದ ಪಂಚಾಮೃತವನ್ನು ಉಜ್ಜಿ ತೆಗೆಯುವ ಉದ್ವರ್ತನ, ಕಲಶ ಪೂಜೆ, ತೀರ್ಥ ಪೂಜೆ, ಅಲಂಕಾರ, ಅವಸರ ಸನಕಾದಿ ಪೂಜೆ. ಹೊತ್ತು ಏರಿದ ಮೇಲೆ ಮಹಾಪೂಜೆ. ಇದು ಪರ್ಯಾಯ ಸ್ವಾಮಿಗಳದ್ದೇ. ಬೆಳಗಿನ ಕೆಲವು ಪೂಜೆಗಳನ್ನು ಊರಲ್ಲಿರುವ ಉಳಿದ ಮಠಗಳ ಸ್ವಾಮಿಗಳು ಹಂಚಿಕೊಳ್ಳುವುದುಂಟು. ಆದರೆ ಅಷ್ಟಮಠದ ಯತಿಗಳನ್ನು ಬಿಟ್ಟು ಬೇರೆ ಯಾರೂ ಕೃಷ್ಣನನ್ನು ಮುಟ್ಟುವಂತಿಲ್ಲ. ಜ್ವರ ಬಂದಿದೆ, ಅಡುಗೆ ಭಟ್ಟರನ್ನು ಕಳಿಸಿ ಅನ್ನುವ ಸೌಲಭ್ಯ ಇಲ್ಲ.

ಸಂಜೆ ಚಾಮರ ಸೇವೆ, ರಾತ್ರಿ ಪೂಜೆ, ಮಂಟಪ ಪೂಜೆ. ಕೊನೆಗೆ ಏಕಾಂತ ಸೇವೆ: ದೇವರನ್ನು ತೊಟ್ಟಿಲಲ್ಲಿ ಮಲಗಿಸಿ ಬಾಗಿಲು ಹಾಕುತ್ತಾರೆ. ಬೆಳಗ್ಗೆ ನಾಲ್ಕಕ್ಕೆ ಎದ್ದವರಿಗೆ ಆ ಹೊತ್ತಿಗೆ ಹೇಗಾಗಿರಬೇಕು ಯೋಚಿಸಿ. ಮಧ್ಯೆ ಮಧ್ಯೆ ಭಕ್ತರಿಗೆ ಫಲ ಮಂತ್ರಾಕ್ಷತೆ, ವಿದ್ಯಾರ್ಥಿಗಳಿಗೆ ಪಾಠ, ಸಂಜೆ ರಾಜಾಂಗಣದಲ್ಲಿ ಸಭೆ, ಉಪನ್ಯಾಸ, ಯಾರಿಗೋ ಸನ್ಮಾನ. ಎರಡು ವರ್ಷ ಹೀಗೆಯೇ. ಸಂಪ್ರದಾಯದ ಪ್ರಕಾರ ಪರ್ಯಾಯದಲ್ಲಿರುವ ಸ್ವಾಮಿಗಳು ಉಡುಪಿ ಬಿಟ್ಟು ದೂರ ಹೋಗುವುದಿಲ್ಲ.

ಪರ್ಯಾಯ ಇಲ್ಲದ ಏಳು ಸ್ವಾಮಿಗಳು ಏನು ಮಾಡುತ್ತಾರೆ?

ತಿರುಗಾಡುತ್ತಾರೆ! ಸಂಚಾರ, ಪಾಠ ಪ್ರವಚನ, ಶಾಲೆ ಕಾಲೇಜುಗಳ ಆಡಳಿತ, ಶಿಷ್ಯರ ಮನೆಗಳಲ್ಲಿ ಪಟ್ಟದ ದೇವರ ಪೂಜೆ, ದೇವಸ್ಥಾನಗಳ ಬ್ರಹ್ಮಕಲಶೋತ್ಸವ. ಅಯೋಧ್ಯೆಯಲ್ಲಿ 2024ರಲ್ಲಿ ಪ್ರತಿಷ್ಠೆ ಆದ ಮೇಲಿನ 48 ದಿನಗಳ ಮಂಡಲೋತ್ಸವ ನಡೆದದ್ದು ಪೇಜಾವರ ಮಠದ ವಿಶ್ವಪ್ರಸನ್ನ ತೀರ್ಥರ ನೇತೃತ್ವದಲ್ಲಿ. ಓದಿನ ಕಡೆ ಒಲವಿರುವವರು ಶಿಷ್ಯರಿಗೆ ಶಾಸ್ತ್ರ ಪಾಠ ಹೇಳುತ್ತಾರೆ. ಪೇಜಾವರದ ಹಿಂದಿನ ಸ್ವಾಮಿಗಳಾದ ವಿಶ್ವೇಶ ತೀರ್ಥರು 1956ರಲ್ಲಿ ಬೆಂಗಳೂರಿನಲ್ಲಿ ಪೂರ್ಣಪ್ರಜ್ಞ ವಿದ್ಯಾಪೀಠ ಶುರು ಮಾಡಿದ್ದು ಇದೇ ಕೆಲಸಕ್ಕೆ. ಅಲ್ಲಿ ಹುಡುಗರು ಹತ್ತು ವರ್ಷಕ್ಕೂ ಮೀರಿ ಓದಿ ಕೊನೆಗೆ ದ್ವೈತ ವೇದಾಂತದ ದೊಡ್ಡ ಗ್ರಂಥವಾದ ಜಯತೀರ್ಥರ ನ್ಯಾಯಸುಧೆಗೆ ಬರುತ್ತಾರೆ.

ಸ್ವಾಮಿಗಳು ಏನು ತಿನ್ನುತ್ತಾರೆ?

ಊಟ ದಿನಕ್ಕೊಂದೇ, ಮಹಾಪೂಜೆ ಮುಗಿದ ಮೇಲೆ. ರಾತ್ರಿ ಹಣ್ಣು ಹಾಲಿನಂಥ ಫಲಾಹಾರ.

ಅಡುಗೆ ಕರಾವಳಿಯ ಬ್ರಾಹ್ಮಣರ ಅಡುಗೆಯೇ. ಅನ್ನ, ಸಾರು, ತೆಂಗಿನಕಾಯಿ ಅರೆದು ಹಾಕಿದ ಕೊದ್ದೆಲು, ಪಲ್ಯ, ಕೋಸಂಬರಿ, ಪಾಯಸ, ಮಜ್ಜಿಗೆ. ಈರುಳ್ಳಿ, ಬೆಳ್ಳುಳ್ಳಿ ಇಲ್ಲ ಅನ್ನುವುದು ಎಲ್ಲರಿಗೂ ಗೊತ್ತು. ನುಗ್ಗೆ, ಮೂಲಂಗಿಯೂ ಇಲ್ಲ. ಕ್ಯಾರೆಟ್, ಬೀಟ್ರೂಟ್, ಎಲೆಕೋಸಿನಂಥ ಹೊರಗಿನಿಂದ ಬಂದ ತರಕಾರಿ ನೈವೇದ್ಯಕ್ಕೆ ಸಲ್ಲುವುದಿಲ್ಲ. ಹಾಗಾದರೆ ಉಳಿಯುವುದೇನು? ಸೌತೆ, ಕುಂಬಳ, ಬಾಳೆಕಾಯಿ, ಸುವರ್ಣಗೆಡ್ಡೆ, ಹರಿವೆ, ಹಲಸು. ಮತ್ತೆ ಗುಳ್ಳ.

ಗುಳ್ಳದ ಬಗ್ಗೆ ಎರಡು ಮಾತು ಹೇಳಲೇಬೇಕು. ಕಟಪಾಡಿ ಹತ್ತಿರದ ಮಟ್ಟು ಎಂಬ ಹಳ್ಳಿಯ ಬದನೆ ಇದು. ಗುಂಡಗೆ, ತಿಳಿಹಸಿರು ಬಣ್ಣ, ಮೈಮೇಲೆ ಬಿಳಿ ಗೆರೆ, ತೊಟ್ಟಿನಲ್ಲಿ ಮುಳ್ಳು. ಬೀಜ ಕೊಟ್ಟವರು ವಾದಿರಾಜರು ಎಂಬ ನಂಬಿಕೆ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿತು. ಮಟ್ಟುವಿನವರು ಮೊದಲ ಫಸಲನ್ನು ಕೃಷ್ಣನಿಗೆ ಕೊಟ್ಟ ಮೇಲೇ ಮಾರುಕಟ್ಟೆಗೆ ಇಳಿಸುತ್ತಾರೆ. ಬದನೆ ಅಂದರೆ ಮೂಗು ಮುರಿಯುವವರೂ ಗುಳ್ಳದ ಹುಳಿ ಬಡಿಸಿಕೊಂಡು ತಿನ್ನುವುದನ್ನು ನೋಡಿದ್ದೇನೆ.

ಏಕಾದಶಿ ದಿನ ಬಂದರೆ ಮಠದಲ್ಲಿ ಊಟ ಸಿಗುತ್ತದಾ?

ಇಲ್ಲ. ಯಾತ್ರೆಗೆ ಬರುವವರು ಮೊದಲು ಪಂಚಾಂಗ ನೋಡಿ. ಸ್ವಾಮಿಗಳಿಗೆ ಅವತ್ತು ನೀರೂ ಇಲ್ಲ. ಮರುದಿನ ದ್ವಾದಶಿಗೆ ಪೂಜೆಗಳನ್ನೆಲ್ಲ ಬೇಗ ಮುಗಿಸಿ ಬೆಳಗ್ಗೆಯೇ ಪಾರಣೆ, ಅಂದರೆ ಉಪವಾಸ ಮುಗಿಸುವ ಊಟ, ಮಾಡುತ್ತಾರೆ. ಅಂದರೆ ಏಕಾದಶಿಯ ಹಸಿವಿನಲ್ಲೇ ಅಡುಗೆಯವರು ರಾತ್ರಿ ಎದ್ದು ಒಲೆ ಹಚ್ಚಬೇಕು. ವರ್ಷಕ್ಕೆ 24 ಏಕಾದಶಿ, ಅಧಿಕ ಮಾಸ ಬಂದರೆ 26.

ಚಾತುರ್ಮಾಸ್ಯದಲ್ಲಿ ತರಕಾರಿಯೇ ಇಲ್ಲದೆ ಅಡುಗೆ ಹೇಗೆ ಮಾಡುತ್ತಾರೆ?

ನನಗೆ ಬಹಳ ಇಷ್ಟದ ಪ್ರಶ್ನೆ.

ಆಷಾಢ ಶುಕ್ಲ ಏಕಾದಶಿಗೆ ದೇವರು ಮಲಗುತ್ತಾನೆ, ಕಾರ್ತಿಕದಲ್ಲಿ ಏಳುತ್ತಾನೆ. ಈ ನಾಲ್ಕು ತಿಂಗಳು ತಿಂಗಳಿಗೊಂದು ವಸ್ತು ಬಿಡಬೇಕು. ಮೊದಲ ತಿಂಗಳು ಶಾಕ ವ್ರತ: ತರಕಾರಿ, ಸೊಪ್ಪು ಇಲ್ಲ. ಮೆಣಸಿನಕಾಯಿ, ಕೊತ್ತಂಬರಿ, ಸಾಸಿವೆ, ಹುಣಸೆಹುಳಿಯೂ ಇಲ್ಲ. ಎರಡನೇ ತಿಂಗಳು ದಧಿ ವ್ರತ: ಮೊಸರಿಲ್ಲ. ಮೂರನೆಯದು ಕ್ಷೀರ ವ್ರತ: ಹಾಲಿಲ್ಲ. ನಾಲ್ಕನೆಯದು ದ್ವಿದಳ ವ್ರತ: ಎರಡು ಹೋಳಾಗುವ ಬೇಳೆ ಕಾಳು ಯಾವುದೂ ಇಲ್ಲ.

ಹೊರಗಿನವರು ಮೊದಲ ತಿಂಗಳೇ ಕಷ್ಟ ಅಂದುಕೊಳ್ಳುತ್ತಾರೆ. ಆದರೆ ಅಡುಗೆಯವರನ್ನು ಕೇಳಿ ನೋಡಿ. ಶಾಕ ವ್ರತದಲ್ಲಿ ಬೇಳೆ ಇದೆ, ಹಾಲು ಮೊಸರಿದೆ, ಖಾರಕ್ಕೆ ಕಾಳುಮೆಣಸಿದೆ, ಪರಿಮಳಕ್ಕೆ ಜೀರಿಗೆ ಇದೆ, ಹುಳಿಗೆ ಮಾವಿನಕಾಯಿ ಇದೆ. ಹೆಸರುಬೇಳೆ ಬೇಯಿಸಿ, ಜೀರಿಗೆ ಮೆಣಸು ಕುಟ್ಟಿ ಹಾಕಿ, ಒಣಗಿಸಿಟ್ಟ ಮಾವಿನಕಾಯಿಯ ಎರಡು ಹೋಳು ಬಿಟ್ಟು, ಮೇಲೆ ತುಪ್ಪದಲ್ಲಿ ಜೀರಿಗೆ ಒಗ್ಗರಣೆ ಕೊಟ್ಟರೆ ಸಾರಾಯಿತು. ಹೊರಗೆ ಆಟಿ ಮಳೆ ಸುರಿಯುವಾಗ ಬಿಸಿ ಅನ್ನಕ್ಕೆ ಇದನ್ನು ಸುರಿದುಕೊಂಡು ಉಂಡವರು ವ್ರತ ಅಂತ ದೂರುವುದಿಲ್ಲ ಬಿಡಿ.

ತಲೆಬಿಸಿ ಕೊನೆಯ ತಿಂಗಳದ್ದು. ಬೇಳೆ ಇಲ್ಲ ಅಂದರೆ ತೊಗರಿ, ಹೆಸರು, ಉದ್ದು, ಕಡಲೆ ಎಲ್ಲ ಹೋಯಿತು. ಇಡ್ಲಿ ದೋಸೆ ಇಲ್ಲ, ಹಪ್ಪಳ ಇಲ್ಲ, ಒಗ್ಗರಣೆಗೆ ಉದ್ದಿನಬೇಳೆಯೂ ಇಲ್ಲ. ಹುಳಿಯನ್ನು ದಪ್ಪ ಮಾಡಲು ಬೇಳೆಯೇ ಇಲ್ಲವಲ್ಲ! ಆಗ ತೆಂಗಿನಕಾಯಿ, ಅಕ್ಕಿ, ಗೆಡ್ಡೆಗಳು ಕೈ ಹಿಡಿಯುತ್ತವೆ. ಇವತ್ತು ಲೋಕವಿಡೀ ಉಡುಪಿ ಅಡುಗೆ ಅಂತ ಹೊಗಳುವ ಕೈಗುಣ ಈ ನಿರ್ಬಂಧಗಳ ಒಳಗೇ ಪಳಗಿದ್ದು ಎಂದು ನನ್ನ ಅನಿಸಿಕೆ. ಎಲ್ಲವೂ ಸಿಗುವ ಕಡೆ ಅಡುಗೆಯವರು ತಲೆ ಓಡಿಸುವ ಅಗತ್ಯ ಬರುವುದಿಲ್ಲ.

ಊರಿನ ಮಾಧ್ವರ ಮನೆಗಳಲ್ಲೂ ಈ ವ್ರತ ಹಿಡಿಯುವವರಿದ್ದಾರೆ. ಈಗ ಹೆಚ್ಚಿನ ಮನೆಗಳಲ್ಲಿ ಹಿರಿಯರು ಮಾತ್ರ.

ಸ್ವಾಮಿಗಳು ನಾಲ್ಕು ತಿಂಗಳೂ ಒಂದೇ ಕಡೆ ಇರುತ್ತಾರಾ?

ಊಟದ ವ್ರತ ನಾಲ್ಕು ತಿಂಗಳು. ಒಂದೇ ಊರಲ್ಲಿ ನಿಲ್ಲುವ ನೇಮ ರೂಢಿಯಲ್ಲಿ ಅಷ್ಟು ಉದ್ದ ಇಲ್ಲ, ಭಾದ್ರಪದ ಹುಣ್ಣಿಮೆಗೆ ಮುಗಿಯುತ್ತದೆ. ಉಡುಪಿಯಲ್ಲೇ ಕೂರಬೇಕೆಂದಿಲ್ಲ. ಬೆಂಗಳೂರು, ಮೈಸೂರು, ಚೆನ್ನೈ, ಹೀಗೆ ಶಾಖಾಮಠ ಇರುವ ಕಡೆ ಚಾತುರ್ಮಾಸ್ಯ ಮಾಡುವವರಿದ್ದಾರೆ. ಪಾಠ ಪ್ರವಚನ ಹೆಚ್ಚು ನಡೆಯುವುದೂ ಈಗಲೇ.

ಮುದ್ರೆ ಹಾಕಿಸಿಕೊಂಡರೆ ನೋವಾಗುತ್ತದಾ?

ಚುರುಕ್ ಅನ್ನುತ್ತದೆ. ಅಷ್ಟೇ.

ಆಷಾಢದ ಆ ಮೊದಲ ಏಕಾದಶಿ ದಿನ ತಪ್ತ ಮುದ್ರಾಧಾರಣೆ. ಸುದರ್ಶನ ಹೋಮದ ಬೆಂಕಿಯಲ್ಲಿ ಶಂಖ ಚಕ್ರದ ಅಚ್ಚುಗಳನ್ನು ಕಾಯಿಸಿ ಸ್ವಾಮಿಗಳು ತೋಳಿಗೆ ಒತ್ತುತ್ತಾರೆ. ಸಾಲು ಮಧ್ವ ಸರೋವರದ ಕಡೆಯವರೆಗೂ ಬೆಳೆಯುತ್ತದೆ, ಮಳೆಯಲ್ಲಿ ಕೊಡೆ ಹಿಡಿದೇ ನಿಲ್ಲಬೇಕು. ಪುಟ್ಟ ಮಕ್ಕಳಿಗೂ ಹಾಕಿಸುತ್ತಾರೆ, ಮಕ್ಕಳ ಅಳು ದೂರದಿಂದಲೇ ಕೇಳುತ್ತದೆ. ಅಚ್ಚು ತಣ್ಣಗಾಗುವ ಹೊತ್ತಿಗೆ ನಿಮ್ಮ ಸರದಿ ಬಂದರೆ ಅದೃಷ್ಟ, ಆಗಷ್ಟೇ ಬೆಂಕಿಯಿಂದ ತೆಗೆದದ್ದಾದರೆ ಎರಡು ದಿನ ತೋಳು ನೆನಪಿಸುತ್ತದೆ. ಇದರ ಹಿಂದಿನ ದಿನ ಕೃಷ್ಣನಿಗೆ ಮಹಾಭಿಷೇಕ, ಗರ್ಭಗುಡಿ ತೊಳೆಯುವುದು ಎಲ್ಲ ಆಗಿರುತ್ತದೆ.

ಮಳೆಗಾಲದಲ್ಲಿ ರಥ ಎಳೆಯುವುದಿಲ್ಲ ಯಾಕೆ?

ಬಂದು ಒಂದು ವಾರ ಇದ್ದು ನೋಡಿ, ಕೇಳುವುದೇ ಬೇಡ! ಉತ್ಸವ ಮೂರ್ತಿ ಒಳಗೇ ಇರುತ್ತದೆ. ಮತ್ತೆ ಹೊರಗೆ ಬರುವುದು ಕಾರ್ತಿಕದ ಉತ್ಥಾನ ದ್ವಾದಶಿಗೆ. ಆದರೆ ಕೃಷ್ಣಾಷ್ಟಮಿಯ ಮರುದಿನ ಮಣ್ಣಿನ ಮೂರ್ತಿಗೆ ರಥ ಉಂಟು.

ಉಡುಪಿಯಲ್ಲಿ ಅಷ್ಟಮಿ ಕೆಲವು ವರ್ಷ ಒಂದು ತಿಂಗಳು ತಡವಾಗಿ ಬರುತ್ತದೆ. ಯಾಕೆ?

ಇಲ್ಲಿ ಲೆಕ್ಕ ಸೌರಮಾನದ್ದು. ಸಿಂಹ ಮಾಸದ ಕೃಷ್ಣ ಪಕ್ಷದ ಅಷ್ಟಮಿ, ರೋಹಿಣಿ ನಕ್ಷತ್ರ ನೋಡುತ್ತಾರೆ. ಬೆಂಗಳೂರಿನಲ್ಲಿ ರಜೆ ಆಗಸ್ಟಿನಲ್ಲಿ ಮುಗಿದಿರುತ್ತದೆ, ಇಲ್ಲಿ ಸೆಪ್ಟೆಂಬರಿನಲ್ಲಿ ಹಬ್ಬ. ರೈಲು ಟಿಕೆಟ್ ಮಾಡಿಸಿ ಬಂದು ಪೆಚ್ಚಾದವರು ಬಹಳ ಜನ ಇದ್ದಾರೆ.

ಅಷ್ಟಮಿ ದಿನ ಪೂರ್ತಿ ಉಪವಾಸ. ಒಳಗೆ ಮಾತ್ರ ಸಾವಿರ ಸಾವಿರ ಉಂಡೆ, ಚಕ್ಕುಲಿ ತಯಾರಾಗುತ್ತಿರುತ್ತದೆ. ಲಡ್ಡು ಕಟ್ಟಲು ಮೊದಲು ಕೂರುವವರು ಸ್ವಾಮಿಗಳೇ. ದೊಡ್ಡ ಹರಿವಾಣದ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು ಉಂಡೆ ಕಟ್ಟುತ್ತಾರೆ, ಬಾಯಿಗೆ ಮಾತ್ರ ಒಂದು ತೊಟ್ಟು ನೀರಿಲ್ಲ. ನಡುರಾತ್ರಿ ಚಂದ್ರೋದಯಕ್ಕೆ ಅರ್ಘ್ಯ. ಮರುದಿನ ವಿಟ್ಲಪಿಂಡಿ: ರಥಬೀದಿಯಲ್ಲಿ ಮಣ್ಣಿನ ಕೃಷ್ಣನ ರಥ, ಗೊಲ್ಲರ ವೇಷದವರು ಮೊಸರು ಕುಡಿಕೆ ಒಡೆಯುವುದು, ಹುಲಿವೇಷದ ತಾಸೆಯ ಸದ್ದು. ಕೊನೆಗೆ ಮೂರ್ತಿಯನ್ನು ಮಧ್ವ ಸರೋವರದಲ್ಲಿ ಬಿಡುತ್ತಾರೆ. ವರ್ಷದಲ್ಲಿ ಒಂದೇ ದಿನ ಬರುತ್ತೇನೆ ಅನ್ನುವವರಿಗೆ ನಾನು ಈ ದಿನವನ್ನೇ ಹೇಳುತ್ತೇನೆ. ಕಾಲು ತುಳಿಸಿಕೊಳ್ಳಲು ತಯಾರಿರಬೇಕು.

ಚಳಿಗಾಲದಲ್ಲಿ ಏನೇನು ಇರುತ್ತದೆ?

ವಿಜಯದಶಮಿಗೆ, ವರ್ಷವಿಡೀ ಮುಚ್ಚಿರುವ ಪೂರ್ವ ಬಾಗಿಲು ತೆಗೆದು ಹೊಸ ತೆನೆ ಒಳಗೆ ತರುತ್ತಾರೆ. ಕಾರ್ತಿಕದಲ್ಲಿ ಬೆಳಗಿನ ಜಾವದ ಪಶ್ಚಿಮ ಜಾಗರ ಪೂಜೆ, ತುಳಸಿ ಪೂಜೆ, ಉತ್ಥಾನ ದ್ವಾದಶಿಯಿಂದ ಲಕ್ಷದೀಪ. ರಥಬೀದಿಯ ಸುತ್ತ ಕಟ್ಟಿದ ಹಂದರದ ಮೇಲೆ ಮಣ್ಣಿನ ಹಣತೆ ಸಾಲು. ಹಚ್ಚುವವರು ಊರವರೇ, ನೀವೂ ಒಂದು ಬತ್ತಿ ಹಿಡಿದು ನಿಲ್ಲಬಹುದು, ಯಾರೂ ಬೇಡ ಅನ್ನುವುದಿಲ್ಲ. ಧನುರ್ಮಾಸದಲ್ಲಿ ಪೂಜೆ ಇನ್ನೂ ಬೇಗ, ನೈವೇದ್ಯಕ್ಕೆ ಹುಗ್ಗಿ.

ಜನವರಿಯಲ್ಲಿ ಸಪ್ತೋತ್ಸವ. ಮಕರ ಸಂಕ್ರಾಂತಿಯ ಸಂಜೆ ಮೂರು ತೇರು ಒಟ್ಟಿಗೆ. ಮಧ್ವಾಚಾರ್ಯರು ಕೃಷ್ಣನನ್ನು ಪ್ರತಿಷ್ಠೆ ಮಾಡಿದ ದಿನ ಇದು ಎಂದು ನಂಬಿಕೆ. ಮರುದಿನ ಹಗಲು ತೇರು. ಎರಡು ವರ್ಷಕ್ಕೊಮ್ಮೆ ಇದಾಗಿ ಮೂರೇ ದಿನಕ್ಕೆ ಪರ್ಯಾಯ ಬರುತ್ತದೆ. ಆಗ ಮಠದ ಸಿಬ್ಬಂದಿಯ ಹತ್ತಿರ ಏನನ್ನೂ ಕೇಳಲು ಹೋಗಬೇಡಿ.

ಸರೋವರದ ಪಕ್ಕ ಸೌದೆಯನ್ನು ರಥದ ಹಾಗೆ ಪೇರಿಸಿದ್ದಾರಲ್ಲ, ಅದೇನು?

ಅದೇ ಕಟ್ಟಿಗೆ ರಥ. ಮುಂದಿನ ಪರ್ಯಾಯದ ಅಡುಗೆಗೆ ಬೇಕಾದ ಸೌದೆ. ಸುಮ್ನೆ ರಾಶಿ ಹಾಕಿದರೆ ನಡೆಯುತ್ತಿತ್ತು, ಆದರೆ ಇಲ್ಲಿಯವರು ಅದನ್ನೂ ತೇರಿನ ಆಕಾರಕ್ಕೆ ಜೋಡಿಸಿ, ಮೇಲೊಂದು ಮುಡಿ ಇಟ್ಟು, ಮಳೆ ನೀರು ಇಳಿದುಹೋಗುವ ಹಾಗೆ ಮಾಡುತ್ತಾರೆ.

ಸರದಿ ಬರುವ ಮಠದಲ್ಲಿ ತಯಾರಿ ಒಂದು ವರ್ಷ ಮೊದಲೇ ಶುರುವಾಗುತ್ತದೆ. ನಾಲ್ಕು ಮುಹೂರ್ತಗಳಿವೆ: ಬಾಳೆ, ಅಕ್ಕಿ, ಕಟ್ಟಿಗೆ, ಭತ್ತ. ಬಾಳೆ ಮುಹೂರ್ತದಲ್ಲಿ ಬಾಳೆ ಗಿಡ ನೆಡುತ್ತಾರೆ. ಇವತ್ತು ನೆಟ್ಟರೆ ಪರ್ಯಾಯದ ಹೊತ್ತಿಗೆ ಎಲೆಗೂ ಆಯಿತು, ಗೊನೆಗೂ ಆಯಿತು. ಶಾಸ್ತ್ರ ಅಂತ ಕಂಡರೂ ಇದು ಪಕ್ಕಾ ಲೆಕ್ಕಾಚಾರ.

ಪರ್ಯಾಯ ಹತ್ತಿರ ಬಂದಂತೆ ಹೊರೆಕಾಣಿಕೆ ಶುರು. ಒಂದೊಂದು ದಿನ ಒಂದೊಂದು ಕಡೆಯವರು ಲಾರಿ, ಟೆಂಪೋಗಳಲ್ಲಿ ಅಕ್ಕಿ, ತೆಂಗಿನಕಾಯಿ, ಬೆಲ್ಲ, ತರಕಾರಿ ತುಂಬಿಸಿ ಮೆರವಣಿಗೆಯಲ್ಲಿ ತರುತ್ತಾರೆ. ಸೌತೆಕಾಯಿಗಳನ್ನು ಸೂರಿನಿಂದ ನೇತು ಹಾಕುತ್ತಾರೆ, ಕುಂಬಳಕಾಯಿ ಗೋಡೆಯುದ್ದಕ್ಕೂ ಸಾಲಾಗಿ ಕೂರುತ್ತವೆ. ಭಕ್ತಿಯ ಜೊತೆ ಊರೂರಿನ ಪೈಪೋಟಿಯೂ ಅದರಲ್ಲಿ ಇದೆ ಅನ್ನಿ.

ಚಿಕ್ಕ ಹುಡುಗರಿಗೆ ಸನ್ಯಾಸ ಕೊಡುವುದು ಸರಿಯಾ?

ಇದಕ್ಕೆ ಊರಲ್ಲೇ ಒಮ್ಮತ ಇಲ್ಲ. ಇಲ್ಲಿಯ ಪದ್ಧತಿ ಬಾಲಸನ್ಯಾಸ. ಮದುವೆಯಾಗಿ ಸಂಸಾರ ಮಾಡಿ ಆಮೇಲೆ ಬರುವ ಹಾಗಿಲ್ಲ. 1931ರಲ್ಲಿ ಹುಟ್ಟಿದ ವಿಶ್ವೇಶ ತೀರ್ಥರಿಗೆ 1938ರಲ್ಲೇ ದೀಕ್ಷೆ ಆಯಿತು. 2019ರ ಡಿಸೆಂಬರಿನಲ್ಲಿ ತೀರಿಕೊಳ್ಳುವ ತನಕ ಎಂಬತ್ತೊಂದು ವರ್ಷ ಕಾವಿಯಲ್ಲೇ ಇದ್ದರು, ಐದು ಪರ್ಯಾಯ ಮಾಡಿದರು. ಅಂಥವರನ್ನು ನೋಡಿದಾಗ ಪದ್ಧತಿ ಗೆದ್ದಿತು ಅನ್ನಿಸುತ್ತದೆ.

ಮಠದ ಸ್ವಾಮಿಗಳು ಶಿಷ್ಯರನ್ನು ಮಾಡದೆ ತೀರಿಕೊಂಡರೆ ಜೋಡಿ ಮಠದವರು ಉತ್ತರಾಧಿಕಾರಿಯನ್ನು ಆರಿಸುತ್ತಾರೆ. ಇದನ್ನು ದ್ವಂದ್ವ ಮಠ ಅನ್ನುತ್ತಾರೆ. ಶೀರೂರಿಗೆ ಸೋದೆ, ಕೃಷ್ಣಾಪುರಕ್ಕೆ ಪುತ್ತಿಗೆ, ಪಲಿಮಾರಿಗೆ ಅದಮಾರು, ಪೇಜಾವರಕ್ಕೆ ಕಾಣಿಯೂರು. ಶೀರೂರಿನ ಲಕ್ಷ್ಮೀವರ ತೀರ್ಥರು 2018ರಲ್ಲಿ ತೀರಿಕೊಂಡ ಮೇಲೆ 2021ರಲ್ಲಿ ಹದಿನೆಂಟು ತುಂಬದ ಹುಡುಗನಿಗೆ ದೀಕ್ಷೆ ಆಯಿತು. ಅವರೇ ಈಗಿನ ವೇದವರ್ಧನ ತೀರ್ಥರು. ವಿಷಯ ಹೈಕೋರ್ಟಿಗೆ ಹೋಯಿತು. ಅಪ್ರಾಪ್ತ ವಯಸ್ಸಿನವರಿಗೆ ಸನ್ಯಾಸ ಕೊಡಬಾರದು ಎಂಬ ಕಾನೂನು ಇಲ್ಲ ಎಂದು ಕೋರ್ಟು ಅದೇ ವರ್ಷ ಅರ್ಜಿ ವಜಾ ಮಾಡಿತು.

ಕಾನೂನು ಸರಿ. ಆದರೂ ಗೋಲಿ ಆಡುವ ವಯಸ್ಸಿನ ಹುಡುಗನನ್ನು ಅವನ ಅಮ್ಮ ಜನರ ನಡುವೆ ನಿಂತು ನೋಡಬೇಕಾಗುತ್ತದಲ್ಲ ಎಂದು ಯೋಚಿಸಿದಾಗ ನನಗೆ ಕಸಿವಿಸಿ ಆಗುತ್ತದೆ.

ಸ್ವಾಮಿಗಳು ವಿದೇಶಕ್ಕೆ ಹೋಗಬಹುದಾ?

ಹಳೆಯ ನಿಯಮದ ಪ್ರಕಾರ ಸಮುದ್ರ ದಾಟುವಂತಿಲ್ಲ. ಪುತ್ತಿಗೆ ಮಠದ ಸುಗುಣೇಂದ್ರ ತೀರ್ಥರು ಅಮೆರಿಕ ಮೊದಲಾದ ಕಡೆ ಹೋಗಿ ಅಲ್ಲೆಲ್ಲ ಶಾಖೆ ತೆರೆದರು. ಅದಕ್ಕೇ 2008ರ ಅವರ ಪರ್ಯಾಯದ ಹೊತ್ತಿಗೆ ಕೃಷ್ಣನನ್ನು ಮುಟ್ಟಿ ಪೂಜೆ ಮಾಡಬಹುದೇ ಎಂದು ದೊಡ್ಡ ಜಗಳವೇ ಆಯಿತು. 2024ರಲ್ಲಿ ಅವರೇ ಮತ್ತೆ ಪೀಠ ಏರಿದರು, ಚರ್ಚೆಯೂ ಮತ್ತೆ ಬಂತು. ಹೊರದೇಶದಲ್ಲಿರುವ ಕನ್ನಡಿಗರಿಗೆ ಮಾತ್ರ ಇದರಿಂದ ಅನುಕೂಲವೇ ಆಯಿತು. ನ್ಯೂಜೆರ್ಸಿಯಲ್ಲಿ ಅಷ್ಟಮಿಗೆ ಉಂಡೆ ಚಕ್ಕುಲಿ ಸಿಗುತ್ತದೆ.

ಹೆಂಗಸರಿಗೆ ಇಲ್ಲಿ ಸನ್ಯಾಸ ಇದೆಯಾ?

ಇಲ್ಲ. ಭಜನೆ, ಹೂ ಕಟ್ಟುವುದು, ರಂಗೋಲಿ, ಉತ್ಸವದ ಕೆಲಸಗಳಲ್ಲಿ ಹೆಂಗಸರೇ ಜಾಸ್ತಿ. ಪೀಠದಲ್ಲಿ ಇಲ್ಲ.

ಊಟಕ್ಕೆ ಎಲ್ಲರೂ ಒಟ್ಟಿಗೆ ಕೂರುತ್ತಾರಾ?

ಭೋಜನ ಶಾಲೆಯಲ್ಲಿ ಯಾರು ಬೇಕಾದರೂ ಕೂತು ಊಟ ಮಾಡಬಹುದು. ದುಡ್ಡು ಕೇಳುವುದಿಲ್ಲ, ಜಾತಿಯನ್ನೂ ಕೇಳುವುದಿಲ್ಲ. ಆದರೆ ಬ್ರಾಹ್ಮಣರಿಗೆ ಚೌಕಿಯಲ್ಲಿ ಬೇರೆ ಪಂಕ್ತಿ ನಡೆದು ಬಂದಿದೆ. ಇದರ ವಿರುದ್ಧ ಪ್ರತಿಭಟನೆಗಳೂ ಆಗಿವೆ. ಮಡಿ, ವ್ರತ ಅಂತ ಸಮರ್ಥನೆ ಕೊಡುತ್ತಾರೆ. ಕನಕನಿಗಾಗಿ ದೇವರೇ ತಿರುಗಿ ನಿಂತ ಎಂದು ಹೇಳುವ ಜಾಗದಲ್ಲಿ ಆ ಸಮರ್ಥನೆ ನನಗೆ ಒಪ್ಪಿಗೆಯಾಗುವುದಿಲ್ಲ.

ಕೆಲವು ದಿನ ಅಲ್ಲೇ ಇದ್ದು ಸೇವೆ ಮಾಡಬಹುದಾ?

ಮಠಗಳ ಅತಿಥಿಗೃಹಗಳಿವೆ, ರೂಮು ಸಿಗುತ್ತದೆ. ಒಳಗಿನ ಅಡುಗೆಮನೆ, ಪೂಜೆಯ ಕೆಲಸ ಮಡಿಯವರಿಗೆ ಮಾತ್ರ. ಹೊರಗೆ ಬೇಕಾದಷ್ಟು ಕೆಲಸ ಇದೆ. ಹಬ್ಬದ ದಿನಗಳಲ್ಲಿ ತರಕಾರಿ ಹೆಚ್ಚಲು, ಬಡಿಸಲು, ಎಲೆ ತೆಗೆಯಲು ಕೈ ಸಾಲುವುದಿಲ್ಲ. ಮೊದಲೇ ಕಚೇರಿಯಲ್ಲಿ ಮಾತಾಡಿಕೊಂಡು ಬನ್ನಿ. ಧ್ಯಾನ, ಮೌನ, ಏಕಾಂತ ಬೇಕು ಅಂತ ಬರುವುದಾದರೆ ಬೇರೆ ಕಡೆ ಹುಡುಕುವುದು ಒಳ್ಳೆಯದು. ಇಲ್ಲಿ ಬೆಳಗಿನಿಂದ ರಾತ್ರಿವರೆಗೆ ಗಂಟೆ, ಜಾಗಟೆ, ಭಜನೆ, ಪಾತ್ರೆ ಸದ್ದು.

ಯಾವ ತಿಂಗಳು ಬಂದರೆ ಒಳ್ಳೆಯದು? ಏನು ಗಮನದಲ್ಲಿಡಬೇಕು?

ಗಲಾಟೆ ಇಲ್ಲದೆ ನೋಡಬೇಕಾದರೆ ಮಳೆಗಾಲದ ಒಂದು ವಾರದ ದಿನ, ಬೆಳಗ್ಗೆ ಬೇಗ ಬನ್ನಿ. ಸಾಲು ಇರುವುದಿಲ್ಲ. ಉತ್ಸವ ಬೇಕಾದರೆ ಕಾರ್ತಿಕದಿಂದ ಬೇಸಿಗೆಯವರೆಗೆ. ಗಂಡಸರು ಒಳಗೆ ಹೋಗುವಾಗ ಅಂಗಿ, ಬನಿಯನ್ ತೆಗೆಯಬೇಕು. ಗರ್ಭಗುಡಿಯ ಫೋಟೋ ತೆಗೆಯುವಂತಿಲ್ಲ. ಕ್ರಮ ತಪ್ಪಬಾರದು ಅನ್ನುವವರು ಮೊದಲು ಚಂದ್ರಮೌಳೀಶ್ವರ, ಆಮೇಲೆ ಅನಂತೇಶ್ವರ, ಆಮೇಲೆ ಕೃಷ್ಣನ ದರ್ಶನ ಮಾಡುತ್ತಾರೆ. ಮೂರೂ ಪಕ್ಕಪಕ್ಕದಲ್ಲೇ ಇವೆ.

ಪರ್ಯಾಯದ ರಾತ್ರಿಗೆ ಬರುವುದಾದರೆ ರೂಮು ತಿಂಗಳುಗಟ್ಟಲೆ ಮೊದಲೇ ಹೇಳಿಡಿ. ಕಾರನ್ನು ಮಣಿಪಾಲದ ಕಡೆಯಲ್ಲೇ ಬಿಟ್ಟು ಬನ್ನಿ. ಪೇಟೆಯೊಳಗೆ ಅವತ್ತು ಗಾಡಿ ಅಲುಗಾಡುವುದಿಲ್ಲ.